ಮೇಮ್ ಹೊಸದಾಯಿತು, ಹಳೆಯ ರೋಮ್ ಕೈಕೊಟ್ಟಿತು

ಆರ್ಕೇಡ್ ಆಟಗಳ ಎಮ್ಯುಲೇಟರ್ (ಹಳೆಯ ಯಂತ್ರವನ್ನು ಅನುಕರಿಸಿ ಅದರ ಆಟ ಓಡಿಸುವ ತಂತ್ರಾಂಶ) ಮೇಮ್ 1997ರಿಂದಲೂ ಬೆಳೆಯುತ್ತಿದೆ. ಅದಕ್ಕೆ ಬೇಕಾದ ರೋಮ್ ಅಂದರೆ ಆಟದ ಚಿಪ್ಪುಗಳಿಂದ ತೆಗೆದ ಫೈಲುಗಳ ಜಿಪ್. 2015ರಲ್ಲಿ ಹಳೆಯ ಕಂಪ್ಯೂಟರು, ಕನ್ಸೋಲುಗಳ ಎಮ್ಯುಲೇಟರ್ ಮೆಸ್ ಅದರೊಳಗೆ ಸೇರಿತು. 2016ರಲ್ಲಿ ಮೇಮ್ ಪೂರ್ತಿ ಮುಕ್ತ ತಂತ್ರಾಂಶವಾಯಿತು. ಆದರೆ ಅಪ್‌ಡೇಟ್ ಆದಾಗಲೆಲ್ಲ ಅದೇ ಗೋಳು: ನಿನ್ನೆ ಓಡುತ್ತಿದ್ದ ಆಟ ಇವತ್ತು ಫೈಲ್ ಇಲ್ಲ ಅನ್ನುತ್ತದೆ.

ತಪ್ಪು ಪ್ರೋಗ್ರಾಮಿನದ್ದಲ್ಲ. ಮೂಲ ಸರ್ಕ್ಯೂಟ್ ಬೋರ್ಡನ್ನು ಯಥಾವತ್ತಾಗಿ ದಾಖಲಿಸುವುದು ಮೇಮ್‌ನ ಗುರಿ. ಚಿಪ್ಪಿನಿಂದ ಇನ್ನೂ ಶುದ್ಧವಾದ ಪ್ರತಿ ಸಿಕ್ಕರೆ, ಅಥವಾ ಈವರೆಗೆ ಊಹೆಯಲ್ಲೇ ನಡೆಸಿದ್ದ ಪ್ರೊಟೆಕ್ಷನ್ ಚಿಪ್ಪಿನ (ಆಟದ ನಕಲು ತಡೆಯುವ ಚಿಪ್ಪು) ಕೋಡ್ ಹೊರತೆಗೆದರೆ, ಆ ಫೈಲು ಪಟ್ಟಿಗೆ ಸೇರುತ್ತದೆ. ನಿಮ್ಮ ಹಳೆಯ ಜಿಪ್‌ನಲ್ಲಿ ಅದು ಎಲ್ಲಿಂದ ಬರಬೇಕು?

ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನಲ್ಲಿ ಹಳೆಯ ಆಟಗಳ ತಂತ್ರಾಂಶ ರೆಟ್ರೊಪೈ ಬಳಸುವವರು ಮೊದಲು ಕೋರ್ (ಅದರೊಳಗಿನ ಎಮ್ಯುಲೇಟರ್) ನೋಡಿ, ಆಮೇಲೆ ರೋಮ್‌ಗಳ ಸೆಟ್. ಮೇಮ್ 2003 ಕೋರಿಗೆ ಮೇಮ್ ಆವೃತ್ತಿ 0.78ರ ಸೆಟ್ಟೇ ಬೇಕು, ಮೇಮ್ 2010ಕ್ಕೆ 0.139. ಜಿಪ್ ಬಿಚ್ಚಬೇಡಿ, ಹೆಸರು ಬದಲಿಸಬೇಡಿ. ಎಮ್ಯುಲೇಟರ್ ಆಟವನ್ನು ಗುರುತಿಸುವುದೇ ಜಿಪ್ಪಿನ ಆ ಗಿಡ್ಡ ಹೆಸರಿನಿಂದ. ನಿಯೊ ಜಿಯೊ ಯಂತ್ರದ ಆಟಗಳಿಗೆ ‘ನಿಯೊಜಿಯೊ’ (neogeo) ಹೆಸರಿನ ಬಯಾಸ್ (ಯಂತ್ರವನ್ನು ಚಾಲೂ ಮಾಡುವ ಮೂಲ ಕೋಡ್) ಜಿಪ್ಪೂ ಪಕ್ಕದಲ್ಲಿರಲಿ. ಸ್ಪ್ಲಿಟ್ ಸೆಟ್ಟಾದರೆ (ಮೂಲ ಆಟಕ್ಕಿಂತ ಬೇರೆಯಾದ ಫೈಲುಗಳಷ್ಟೇ ಕ್ಲೋನಿನ ಜಿಪ್ಪಿನಲ್ಲಿರುವ ಸೆಟ್) ಕ್ಲೋನ್ ಆಟಕ್ಕೆ, ಅಂದರೆ ಅದೇ ಆಟದ ಇನ್ನೊಂದು ರೂಪಕ್ಕೆ, ಮೂಲ ಆಟದ ಜಿಪ್ ಬೇಕೇ ಬೇಕು. ಜನ ಹೆಚ್ಚು ಎಡವುವುದು ಇಲ್ಲೇ. ಕಂಪ್ಯೂಟರಿನ ಮೇಮ್‌ನಲ್ಲಿ ‘ವೆರಿಫೈರೋಮ್ಸ್’ (-verifyroms) ಆಯ್ಕೆ ಓಡಿಸಿ. ಯಾವ ಫೈಲು ಕಡಿಮೆಯಿದೆ, ಯಾವುದರ ಚೆಕ್‌ಸಮ್ (ಫೈಲು ಸರಿಯಿದೆಯೇ ಎಂದು ತೋರುವ ಸಂಖ್ಯೆ) ತಾಳೆಯಾಗುತ್ತಿಲ್ಲ ಎಂದು ಹೆಸರು ಹಿಡಿದು ಹೇಳುತ್ತದೆ.