ಕೊನೆಯ ಮೂರು ಜಂಪ್‌ಗಳಲ್ಲಿ ಏನಿಡಬೇಕು?

ಫಿಗರ್ ಸ್ಕೇಟಿಂಗ್‌ನಲ್ಲಿ ಫ್ರೀ ಸ್ಕೇಟ್‌ನ (ಎರಡನೆಯ, ಉದ್ದನೆಯ ಸುತ್ತಿನ) ಕೊನೆಯ ಮೂರು ಜಂಪ್‌ಗಳು ಪ್ರೋಗ್ರಾಂನ ಎರಡನೇ ಅರ್ಧದಲ್ಲಿ ಬಂದರೆ ಅವುಗಳ ಬೇಸ್ ವ್ಯಾಲ್ಯೂಗೆ (ನಿಗದಿಯಾದ ಮೂಲ ಅಂಕಕ್ಕೆ) ಶೇ. 10 ಹೆಚ್ಚುವರಿ ಸಿಗುತ್ತದೆ. ಪ್ರೋಗ್ರಾಂ ಕಟ್ಟುವ ನಮ್ಮಂಥವರ ಮುಂದೆ ಅತಿ ಹೆಚ್ಚು ವಾದ ನಡೆಯುವುದು ಈ ಶೇ. 10ರ ಸುತ್ತಲೇ. ಕಷ್ಟದ್ದನ್ನೆಲ್ಲ ಹಿಂದಕ್ಕೆ, ಅಂದರೆ ಕೊನೆಯ ಕಡೆಗೆ, ತಳ್ಳಬೇಕು ಅಂತ ಸ್ಕೇಟರ್‌ಗೆ ಆಸೆ. ಎಲ್ಲವನ್ನೂ ಮುಂದೆಯೇ ಮುಗಿಸಿಬಿಟ್ಟರೆ ನೆಮ್ಮದಿ ಅಂತ ಕೋಚ್‌ಗೆ. ಅಪ್ಪ ಅಮ್ಮಂದಿರ ಕೈಯಲ್ಲಂತೂ ಮೊಬೈಲ್ ಕ್ಯಾಲ್ಕುಲೇಟರ್ ಇದ್ದೇ ಇರುತ್ತದೆ.

ಮೊದಲೆಲ್ಲ ಈ ಬೋನಸ್ ಎರಡನೇ ಅರ್ಧದ ಎಲ್ಲ ಜಂಪ್‌ಗಳಿಗೂ ಸಿಗುತ್ತಿತ್ತು. 2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ನಲ್ಲಿ ರಷ್ಯಾದ ಅಲೀನಾ ಝಗಿಟೋವಾ ತನ್ನ ಏಳೂ ಜಂಪಿಂಗ್ ಪಾಸ್‌ಗಳನ್ನು (ಒಂಟಿ ಜಂಪ್ ಆಗಲಿ, ಜೋಡಿಸಿದ ಜಂಪ್‌ಗಳಾಗಲಿ, ಒಂದು ಸರದಿಗೆ ಒಂದು ಪಾಸ್) ಎರಡನೇ ಅರ್ಧಕ್ಕೆ ಇಟ್ಟುಕೊಂಡಿದ್ದಳು. ಫ್ರೀ ಸ್ಕೇಟ್‌ನಲ್ಲಿ ಅವಳಿಗೂ ಯೆವ್ಗೇನಿಯಾ ಮೆಡ್ವೆಡೇವಾಗೂ ಬಂದದ್ದು ಒಂದೇ ಅಂಕ, 156.65. ಒಟ್ಟಿನಲ್ಲಿ 1.31 ಅಂಕದ ಅಂತರದಲ್ಲಿ ಚಿನ್ನ ಝಗಿಟೋವಾ ಪಾಲಾಯಿತು. ಅದೇ ವರ್ಷ ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ (ಐಎಸ್‌ಯು) ನಿಯಮ ಬಿಗಿ ಮಾಡಿತು: ಫ್ರೀ ಸ್ಕೇಟ್‌ನಲ್ಲಿ ಕೊನೆಯ ಮೂರಕ್ಕೆ, ಶಾರ್ಟ್ ಪ್ರೋಗ್ರಾಂನಲ್ಲಿ (ಮೊದಲ, ಚಿಕ್ಕ ಸುತ್ತಿನಲ್ಲಿ) ಕೊನೆಯ ಒಂದಕ್ಕೆ ಮಾತ್ರ ಬೋನಸ್. ಮೊದಲ ಎರಡು ನಿಮಿಷ ಒಂದೂ ಜಂಪ್ ಇಲ್ಲದ ಪ್ರೋಗ್ರಾಂ ನೋಡಲು ನನಗೆ ಯಾವತ್ತೂ ಇಷ್ಟವಾಗಿರಲಿಲ್ಲ, ಹಾಗಾಗಿ ಈ ಬದಲಾವಣೆಗೆ ನನ್ನ ತಕರಾರಿಲ್ಲ.

ಅದೇ ಸೀಸನ್‌ನಲ್ಲಿ ಬಂದ ಇನ್ನೊಂದು ಬದಲಾವಣೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಮಾತ್ರ ಲೆಕ್ಕ ಸರಿಯಾಗಿ ಕಾಣುತ್ತದೆ. ಜಂಪ್‌ನ ಗುಣಮಟ್ಟಕ್ಕೆ ಜಡ್ಜ್‌ಗಳು ಕೊಡುವ ಜಿಓಇ −5ರಿಂದ +5ರವರೆಗೆ ಹಿಗ್ಗಿತು. ಒಂದೊಂದು ಮೆಟ್ಟಿಲೂ ಬೇಸ್ ವ್ಯಾಲ್ಯೂನ ಶೇ. 10. ಅಂದರೆ ಒಂಟಿ ಜಂಪ್‌ಗೆ ಸಿಗುವ ಬೋನಸ್ ಒಂದೇ ಒಂದು ಜಿಓಇ ಮೆಟ್ಟಿಲಿಗೆ ಸಮ. ಟ್ರಿಪಲ್ ಲುಟ್ಜ್ (ಗಾಳಿಯಲ್ಲಿ ಮೂರು ಸುತ್ತು ತಿರುಗುವ ಒಂದು ಜಂಪ್) ಬೆಲೆ 5.9, ಹಿಂದೆ ಇಟ್ಟರೆ 0.59 ಸಿಗುತ್ತದೆ. ಮುಂದೆ ಇದ್ದಾಗ +3 ಪಡೆಯುತ್ತಿದ್ದ ಲುಟ್ಜ್ ದಣಿದ ಕಾಲಿನಲ್ಲಿ +1ಕ್ಕೆ ಇಳಿದರೆ ಕಳೆದುಹೋಗುವುದು 1.18. ಬಡ್ಡಿ ಆಸೆಗೆ ಅಸಲು ಕಳೆದುಕೊಂಡ ಕಥೆ.

ಬಿದ್ದರೆ ಇನ್ನೂ ದುಬಾರಿ. +2 ಬರಬೇಕಿದ್ದ ಲುಟ್ಜ್‌ನಲ್ಲಿ ಬಿದ್ದರೆ ಆ 1.18 ಬರುವುದಿಲ್ಲ, −5ಕ್ಕೆ 2.95 ಕಡಿತ, ಬಿದ್ದದ್ದಕ್ಕೆ ಬೇರೆ 1 ಅಂಕ. ಒಟ್ಟು 5.13. ಹತ್ತು ಸ್ಪರ್ಧೆಯ ಬೋನಸ್ ಕೂಡಿಸಿದರೆ 5.9. ಜಂಪ್ ಹಿಂದಕ್ಕೆ ಹೋದ ಕಾರಣಕ್ಕೆ ಆ ಹತ್ತರಲ್ಲಿ ಒಂದು ಸಲ ಹೆಚ್ಚು ಬಿದ್ದರೂ ಗಳಿಸಿದ್ದೆಲ್ಲ ಹೆಚ್ಚುಕಡಿಮೆ ಅಲ್ಲೇ ಹೋಯಿತು. ಆ ಬೀಳುವಿಕೆ ಪ್ರೋಗ್ರಾಂನ ಓಟವನ್ನು ಎಷ್ಟು ಕೆಡಿಸುತ್ತದೆ ಅನ್ನುವುದು ಈ ಲೆಕ್ಕದಲ್ಲಿ ಸೇರಿಲ್ಲ.

ಹಾಗಾದರೆ ಹಿಂದೆ ಏನಿಡಬೇಕು? ಕಾಂಬಿನೇಷನ್, ಅಂದರೆ ಒಂದರ ಬೆನ್ನಿಗೇ ಇನ್ನೊಂದು ಹಾರುವ ಜಂಪ್‌ಗಳು. ಬೋನಸ್ ಸಿಗುವುದು ಕಾಂಬಿನೇಷನ್‌ನ ಒಟ್ಟು ಬೆಲೆಗೆ, ಜಿಓಇ ಲೆಕ್ಕ ಹಾಕುವುದು ಅದರಲ್ಲಿನ ಅತಿ ಬೆಲೆಯ ಜಂಪ್‌ನ ಮೇಲೆ ಮಾತ್ರ. ಟ್ರಿಪಲ್ ಲುಟ್ಜ್–ಟ್ರಿಪಲ್ ಟೋ ಲೂಪ್ ಒಟ್ಟು 10.1, ಬೋನಸ್ 1.01, ಜಿಓಇ ಮೆಟ್ಟಿಲು 0.59. ಡಬಲ್ ಆಕ್ಸೆಲ್–ಯೂಲರ್–ಟ್ರಿಪಲ್ ಸಾಲ್ಕೋ (ಯೂಲರ್ ಅಂದರೆ ನಡುವೆ ಕೊಂಡಿಯಂಥ ಪುಟ್ಟ ಜಂಪ್) ಒಟ್ಟು 8.1, ಬೋನಸ್ 0.81, ಮೆಟ್ಟಿಲು 0.43. ಹೆಚ್ಚುಕಡಿಮೆ ಎರಡು ಮೆಟ್ಟಿಲಿನಷ್ಟು. ಇಲ್ಲಿ ಸ್ವಲ್ಪ ದಣಿವನ್ನು ಸಹಿಸಿಕೊಳ್ಳಬಹುದು.

ಆದರೆ ಕಾಂಬಿನೇಷನ್‌ಗಳನ್ನೆಲ್ಲ ಕೊನೆಗೆ ತಳ್ಳಿದರೆ ತಪ್ಪು ತಿದ್ದಿಕೊಳ್ಳಲು ಜಾಗವೇ ಉಳಿಯುವುದಿಲ್ಲ. ಒಂಟಿ ಲುಟ್ಜ್ ಮುಂದೆ, ಲುಟ್ಜ್ ಕಾಂಬಿನೇಷನ್ ಹಿಂದೆ ಅಂತ ಯೋಜಿಸಿದ್ದೀರಿ ಅನ್ನಿ. ಕಾಂಬಿನೇಷನ್ ಸರದಿಯಲ್ಲಿ ಲ್ಯಾಂಡಿಂಗ್ ಅಲುಗಾಡಿ ಟೋ ಲೂಪ್ ಸೇರಿಸಲಾಗಲಿಲ್ಲ. ಆಗ ಒಂದೇ ಟ್ರಿಪಲ್ ಎರಡು ಸಲ ಒಂಟಿಯಾಗಿ ಬಂದಂತೆ. ಎರಡನೆಯದಕ್ಕೆ ಸಿಗುವುದು ಶೇ. 70 ಬೆಲೆ, 5.9 ಇದ್ದದ್ದು 4.13. ಟೋ ಲೂಪ್‌ನ 4.2 ಹೋದದ್ದು ಬೇರೆ. ಅದೇ ಕಾಂಬಿನೇಷನ್ ಮೊದಲು ಬಂದು ಕೈತಪ್ಪಿದ್ದರೆ, ಆಮೇಲಿನ ಒಂಟಿ ಲುಟ್ಜ್‌ಗೆ ಟೋ ಲೂಪ್ ಅಂಟಿಸಿ ಎರಡನ್ನೂ ಉಳಿಸಿಕೊಳ್ಳಬಹುದಿತ್ತು. ಝಗಿಟೋವಾ ಅಂದು ಮಾಡಿದ್ದೂ ಇದನ್ನೇ: ಮೊದಲ ಲುಟ್ಜ್‌ಗೆ ಲೂಪ್ ಸೇರಿಸಲಾಗದೆ, ಮುಂದಿನ ಲುಟ್ಜ್‌ಗೆ ಸೇರಿಸಿದಳು. ಜನ ಅವಳ ಬೋನಸ್ ಬಗ್ಗೆಯೇ ಮಾತಾಡುತ್ತಾರೆ. ನಾನು ಮಕ್ಕಳಿಗೆ ತೋರಿಸುವುದು ಈ ರಿಪೇರಿಯನ್ನು. ಆದ್ದರಿಂದ ಒಂದೇ ಜಂಪ್ ಎರಡು ಸಲ ಬರುವುದಾದರೆ ಕಾಂಬಿನೇಷನ್ ಮೊದಲು, ಒಂಟಿ ಆಮೇಲೆ. ಹಿಂದೆ ಇಡಲು ಮರುಕಳಿಸದ ಜಂಪ್‌ಗಳ ಕಾಂಬಿನೇಷನ್ ಹುಡುಕುತ್ತೇನೆ.

ಇಷ್ಟೆಲ್ಲ ಕಾಗದದ ಮೇಲಿನ ಮಾತು. ಕಾಗದ ಹೇಳದ ಸಂಗತಿ ಕಾಲಿನದು. ಎಡಕ್ಕೆ ತಿರುಗುವ ಸ್ಕೇಟರ್‌ಗಳು (ಬಹುಪಾಲು ಜನ ಹಾಗೆಯೇ) ಯೂಲರ್ ಬಿಟ್ಟರೆ ಪ್ರತಿ ಜಂಪ್ ಇಳಿಯುವುದು ಬಲಗಾಲಿನ ಮೇಲೆ. ಲೂಪ್ ಮತ್ತು ಟೋ ಲೂಪ್ ಏಳುವುದೂ ಅದೇ ಬಲಗಾಲಿನಿಂದ. ಟೋ ಲೂಪ್‌ಗಾದರೂ ಎಡಗಾಲಿನ ತುದಿಯ ಆಸರೆ ಉಂಟು, ಲೂಪ್‌ಗೆ ಅದೂ ಇಲ್ಲ.

ನನ್ನ ಬಳಿ ಬಂದ ಒಬ್ಬ ಹುಡುಗಿಯ ಆರನೇ ಪಾಸ್‌ನಲ್ಲಿ ಟ್ರಿಪಲ್ ಲೂಪ್ ಇತ್ತು. ಬರೀ ಲೂಪ್ ಅಭ್ಯಾಸ ಮಾಡುವಾಗ ಚಿನ್ನದಂಥ ಜಂಪ್. ಸಂಗೀತ ಹಾಕಿ ಪೂರ್ತಿ ಓಡಿಸಿದರೆ ಮಾತ್ರ ಕೈಕೊಡುತ್ತಿತ್ತು. "ಮೇಡಂ, ಟೈಮಿಂಗ್ ತಪ್ತಾ ಇದೆ" ಅನ್ನುತ್ತಿದ್ದಳು. ಓಟ ಮುಗಿದ ಮೇಲೆ ಅವಳನ್ನು ಕರೆದು ಐಸ್ ಮೇಲಿನ ಗೆರೆ ತೋರಿಸಿದೆ. ಬೆಳಿಗ್ಗೆ ಬರೀ ಲೂಪ್ ಹಾರಿದಾಗ ಬ್ಲೇಡ್ ಬಿಟ್ಟದ್ದು ಒಂದು ತೆಳುವಾದ ಬಾಗು ಗೆರೆ, ತುದಿಯಲ್ಲಿ ಚಿಕ್ಕ ಕೊಕ್ಕೆ. ಈಗಿನದು ಅಗಲವಾಗಿ ಕೆರೆದುಹೋದ ಪಟ್ಟಿ, ಅಂಚಿನಲ್ಲಿ ಐಸ್ ಪುಡಿ. ಮಂಡಿ ಬಗ್ಗದೆ ಅಂಚು ಹಿಡಿದು ನಿಲ್ಲುತ್ತಿರಲಿಲ್ಲ, ಏಳುವ ಮೊದಲೇ ಜಾರುತ್ತಿತ್ತು. ಬಗ್ಗಿ ನೋಡಿದಳು. "ಕಾಲೇ ಉಳಿದಿರಲ್ಲ ಮೇಡಂ ಅಷ್ಟೊತ್ತಿಗೆ" ಅಂದಳು.

ಲೂಪನ್ನು ಮೂರನೇ ಪಾಸ್‌ಗೆ ತಂದೆವು. ಆರನೆಯದಕ್ಕೆ ಆಕ್ಸೆಲ್–ಯೂಲರ್–ಸಾಲ್ಕೋ ಹೋಯಿತು. ಆಕ್ಸೆಲ್, ಸಾಲ್ಕೋ ಎರಡೂ ಏಳುವುದು ಎಡಗಾಲಿನಿಂದ. ಆ ಪಾಸ್‌ಗೆ ಸ್ವಲ್ಪ ಮುಂಚೆಯೇ ಇದ್ದ ಸ್ಟೆಪ್ ಸೀಕ್ವೆನ್ಸನ್ನೂ (ಕಾಲ್ಚಳಕದ ಭಾಗ) ಆರಂಭದತ್ತ ತಂದೆ. ನಾಲ್ಕನೇ ಲೆವೆಲ್‌ಗೆ (ಅತಿ ಕಷ್ಟದ ಹಂತಕ್ಕೆ) ಬೇಕಾದಷ್ಟು ಆಳವಾದ ತಿರುವುಗಳನ್ನು ಮಾಡಿ ಬಂದವಳಿಗೆ ತಕ್ಷಣ ಜಂಪ್ ಮಾಡು ಅನ್ನುವುದು ನ್ಯಾಯವಲ್ಲ. ಆ ಜಾಗಕ್ಕೆ ಕೊರಿಯೋ ಸೀಕ್ವೆನ್ಸ್ (ಸಂಗೀತಕ್ಕೆ ತಕ್ಕ ಮುಕ್ತ ಚಲನೆಗಳ ಭಾಗ) ಇಟ್ಟೆ. ಅದಕ್ಕೆ ಲೆವೆಲ್ ಇಲ್ಲ, ಉದ್ದಕ್ಕೆ ಜಾರುತ್ತ ಉಸಿರು ತಂದುಕೊಳ್ಳಬಹುದು. ಸಂಗೀತದ ಏರು ಮಾತ್ರ ಕೊನೆಯಲ್ಲಿತ್ತು, ಕೊರಿಯೋ ಅಲ್ಲಿ ಬಂದಿದ್ದರೆ ಚೆನ್ನಾಗಿರುತ್ತಿತ್ತು. ಸಂಗೀತವನ್ನೇ ಮತ್ತೆ ಕತ್ತರಿಸಿ ಜೋಡಿಸಿದೆವು, ಎಡಿಟ್ ಮಾಡುವವನ ಗೊಣಗಾಟ ಕೇಳಿಕೊಂಡು.

ಜಾಗದ ಸಮಸ್ಯೆಯೂ ಉಂಟು. ಲುಟ್ಜ್‌ಗೆ ಮೂಲೆಯತ್ತ ಉದ್ದನೆಯ ಹಿಮ್ಮುಖ ಓಟ ಬೇಕು. ಎರಡು ಲುಟ್ಜ್ ಒಂದೇ ಮೂಲೆಯಲ್ಲಿ ಬಂದರೆ ಕಾಂಪೊಸಿಷನ್‌ಗೆ (ಪ್ರೋಗ್ರಾಂನ ಜೋಡಣೆಗೆ) ಅಂಕ ಕೊಡುವ ಜಡ್ಜ್ ಕಣ್ಣಿಗೆ ಬೀಳದೆ ಇರುವುದಿಲ್ಲ. ಒಂದನ್ನು ಎದುರು ಮೂಲೆಗೆ ಹಾಕುತ್ತೇನೆ. ಅಭ್ಯಾಸದಲ್ಲಿ ಗೊಣಗುತ್ತಾರೆ, ಆಮೇಲೆ ಒಗ್ಗಿಕೊಳ್ಳುತ್ತಾರೆ.

ಶಾರ್ಟ್ ಪ್ರೋಗ್ರಾಂನಲ್ಲಿ ಮೂರೇ ಪಾಸ್, ಬೋನಸ್ ಕೊನೆಯದಕ್ಕೆ ಮಾತ್ರ. ಕಾಂಬಿನೇಷನ್ ಕೊನೆಗಿಟ್ಟರೆ ಬೋನಸ್ ದೊಡ್ಡದು, ಆದರೆ ಅದು ತಪ್ಪಿದರೆ ಜೋಡಿಸಲು ಇನ್ನೊಂದು ಜಂಪ್ ಇಲ್ಲ, ಜಿಓಇ ನೇರ −5. ಲ್ಯಾಂಡಿಂಗ್ ಅಲುಗಾಡಿದರೂ ಟೋ ಲೂಪ್ ಸೇರಿಸಬಲ್ಲವರಿಗೆ ಮಾತ್ರ ನಾನು ಅದನ್ನು ಕೊನೆಗೆ ಕೊಡುತ್ತೇನೆ. ಉಳಿದವರಿಗೆ ಕಾಂಬಿನೇಷನ್ ಮೊದಲು, ಒಂಟಿ ಜಂಪ್ ಕೊನೆಗೆ.