ಮೊದಲು ಮಗುವಿನ ಪಾಲು, ಆಮೇಲೆ ಚೀಲ

ಹೊಕ್ಕುಳಬಳ್ಳಿಯ ರಕ್ತವನ್ನು ಕೂಡಿಡಬೇಕೇ, ಬೇಡವೇ? ಸಿಂಧನೂರಿನಿಂದ ತಂಗಿ ಕೇಳಿದ ಪ್ರಶ್ನೆ ಇದು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ. ಹಣ ಪಡೆದು ಈ ರಕ್ತವನ್ನು ಕೂಡಿಡುವ ಖಾಸಗಿ ಬ್ಯಾಂಕಿನ ಏಜೆಂಟ್ ಮನೆತನಕ ಬಂದು ಕರಪತ್ರ ಕೊಟ್ಟು, "ಮಗುವಿನ ಜೀವಮಾನದ ಭದ್ರತೆ" ಎಂದು ಹೇಳಿ ಹೋಗಿದ್ದಾನೆ. ಲಂಡನ್ನಿನ ಹೆರಿಗೆ ಆಸ್ಪತ್ರೆಯೊಂದರಲ್ಲಿ ಈ ರಕ್ತವನ್ನು ದಾನವಾಗಿ ಪಡೆಯುವ ತಂಡದಲ್ಲಿ ದುಡಿದವಳು ನಾನು. ಹಾಗಾಗಿ ಅವಳಿಗೆ ಹೇಳಿದ್ದನ್ನು ನಮ್ಮ ಭಾಗದ ಎಲ್ಲ ಗರ್ಭಿಣಿಯರಿಗೂ ಹೇಳಬೇಕೆನಿಸಿತು.

ಹೊಸ ರಕ್ತವನ್ನು ಹುಟ್ಟಿಸಬಲ್ಲ ಆಕರಕೋಶಗಳು (ಸ್ಟೆಮ್ ಸೆಲ್) ಇರುವ ಈ ರಕ್ತದ ಬೆಲೆ ದೊಡ್ಡದು, ಅದರಲ್ಲಿ ಸಂಶಯವಿಲ್ಲ. 1988ರಲ್ಲಿ ಪ್ಯಾರಿಸ್‌ನಲ್ಲಿ ಎಲಿಯಾನ್ ಗ್ಲುಕ್‌ಮನ್ ಅವರ ತಂಡ ಫ್ಯಾಂಕೋನಿ ರಕ್ತಹೀನತೆಯ (ಮೂಳೆಮಜ್ಜೆ ರಕ್ತ ತಯಾರಿಸಲಾರದಂತಾಗುವ ಹುಟ್ಟು ಕಾಯಿಲೆ) ಹುಡುಗನೊಬ್ಬನಿಗೆ ಅವನ ತಂಗಿ ಹುಟ್ಟಿದಾಗ ತೆಗೆದಿಟ್ಟ ಬಳ್ಳಿರಕ್ತ ಕೊಟ್ಟು ಬದುಕಿಸಿತು. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ 1996ರಲ್ಲೇ ದಾನದ ಬ್ಯಾಂಕ್ ತೆರೆಯಿತು.

ನಮ್ಮ ಕೆಲಸ ಶುರುವಾಗುತ್ತಿದ್ದುದು ಮಗು ತಾಯಿಯ ಎದೆಗೆ ಸೇರಿದ ಮೇಲೆ. ಮಾಸನ್ನು ಪಕ್ಕದ ಕೋಣೆಗೆ ತಂದು ಚೌಕಟ್ಟಿಗೆ ತೂಗುಹಾಕಿ, ಬಳ್ಳಿಯನ್ನು ಒರೆಸಿ, ಅದರ ದಪ್ಪ ನಾಳಕ್ಕೆ ಸೂಜಿ ಚುಚ್ಚುತ್ತಿದ್ದೆವು. ರಕ್ತ ತನ್ನ ಭಾರಕ್ಕೆ ತಾನೇ ಕೆಳಗಿನ ಚೀಲಕ್ಕೆ ಇಳಿಯುತ್ತದೆ. ಚೀಲದಲ್ಲಿ ಹೆಪ್ಪುಗಟ್ಟದಂತೆ ತಡೆಯುವ ದ್ರಾವಣವಿರುತ್ತದೆ. ಆದರೂ ಅದನ್ನು ಮೆಲ್ಲಗೆ ಅಲುಗಾಡಿಸುತ್ತಲೇ ಇರಬೇಕು, ಇಲ್ಲವಾದರೆ ಆಕರಕೋಶಗಳು ಹೆಪ್ಪಿನಲ್ಲೇ ಸಿಕ್ಕಿಬೀಳುತ್ತವೆ. ನೀಲಿಯಾಗಿ ಉಬ್ಬಿದ್ದ ಬಳ್ಳಿ ಬಿಳಿಚಿಕೊಂಡು ಸೊರಗಿತೆಂದರೆ ಮುಗಿಯಿತು. ಚೀಲ ನೇರ ತಕ್ಕಡಿಗೆ.

ತೂಕ ಕಡಿಮೆ ಬಂದ ಚೀಲ ಚಿಕಿತ್ಸೆಗೆ ಸಲ್ಲುವುದಿಲ್ಲ. ರೋಗಿಯ ದೇಹದ ತೂಕದ ಪ್ರತಿ ಕೆಜಿಗೆ ಕನಿಷ್ಠ ಎರಡೂವರೆ ಕೋಟಿಯಷ್ಟು ಕೋಶಗಳು (ಬಹುಪಾಲು ಬಿಳಿಕಣಗಳು, ಅವುಗಳ ನಡುವೆ ಆಕರಕೋಶಗಳು) ಬೇಕೆಂಬುದು ರೂಢಿಯ ಲೆಕ್ಕ. 60 ಕೆಜಿಯ ಆಳಿಗೆ 150 ಕೋಟಿ! ಮಗು ದಪ್ಪಗಿದ್ದು ಮಾಸು ದೊಡ್ಡದಿದ್ದರೆ ರಕ್ತ ಹೆಚ್ಚು ಸಿಗುತ್ತದೆ. ಹೆರಿಗೆ ನೋವು ದೀರ್ಘವಾದರೆ ರಕ್ತದಲ್ಲಿ ಬಿಳಿಕಣಗಳು ಏರುತ್ತವೆ. ಇವು ಯಾರ ಕೈಯಲ್ಲೂ ಇಲ್ಲ. ಕೈಯಲ್ಲಿರುವುದು ಬಳ್ಳಿ ಕತ್ತರಿಸುವ ಗಳಿಗೆ, ಮತ್ತು ಕಷ್ಟವಾದ ಮಾತು ಇಲ್ಲೇ ಇದೆ.

ಬೇಗ ಕತ್ತರಿಸಿದಷ್ಟೂ ಚೀಲ ತುಂಬುತ್ತದೆ. ಆದರೆ ಕಾದರೆ, ಮೊದಲ ಒಂದು ನಿಮಿಷದಲ್ಲೇ ಸುಮಾರು 80 ಮಿಲಿ ರಕ್ತ ಮಾಸಿನಿಂದ ಮಗುವಿಗೆ ಹರಿಯುತ್ತದೆ. ಮೂರು ಕೆಜಿಯ ಮಗುವಿನ ಮೈಯಲ್ಲಿರುವ ಒಟ್ಟು ರಕ್ತವೇ ಹೆಚ್ಚುಕಡಿಮೆ ಕಾಲು ಲೀಟರ್ ಎಂದಮೇಲೆ ಇದು ಎಷ್ಟು ದೊಡ್ಡ ಪಾಲು ಎಂದು ನೀವೇ ಯೋಚಿಸಿ. ಮುಂದಿನ ತಿಂಗಳುಗಳಿಗೆ ಬೇಕಾದ ಕಬ್ಬಿಣಾಂಶ ಅದರಲ್ಲಿದೆ. ಒಂದು ನಿಮಿಷಕ್ಕಿಂತ ಮೊದಲು ಬಳ್ಳಿ ಕಟ್ಟಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಗರ್ಭಿಣಿಯರ ರಕ್ತಹೀನತೆ ಮನೆಮಾತಾಗಿರುವ ನಮ್ಮ ರಾಯಚೂರು, ಕೊಪ್ಪಳ ಸೀಮೆಯಲ್ಲಿ ಆ ಒಂದು ನಿಮಿಷವನ್ನು ಚೀಲಕ್ಕಾಗಿ ಬಿಟ್ಟುಕೊಡುವುದನ್ನು ನಾನು ಒಪ್ಪಲಾರೆ.

ಇನ್ನು ಸಾಗಾಟ. ದಾನದ ಬ್ಯಾಂಕುಗಳಲ್ಲಿ 48 ಗಂಟೆಯೊಳಗೆ ಚೀಲವನ್ನು ಶೈತ್ಯೀಕರಿಸುವುದು ನಿಯಮ. ತಡವಾದಂತೆ, ಬಿಸಿ ತಗುಲಿದಂತೆ ಕೋಶಗಳು ಸಾಯುತ್ತವೆ. ಮೇ ತಿಂಗಳಲ್ಲಿ, 40 ಡಿಗ್ರಿ ದಾಟುವ ನಮ್ಮ ಬಿಸಿಲಿನಲ್ಲಿ ಆ ಪೆಟ್ಟಿಗೆ ಯಾವ ಗಾಡಿಯಲ್ಲಿ, ಎಷ್ಟು ಹೊತ್ತಿಗೆ ಪ್ರಯೋಗಾಲಯ ಮುಟ್ಟುತ್ತದೆ ಎಂದು ಏಜೆಂಟನನ್ನು ಕೇಳು ಎಂದೆ. "ಅಕ್ಕಾ, ಅದನ್ನು ಕೇಳಿದರೆ ರಸೀದಿ ಪುಸ್ತಕ ತೆಗೆಯುತ್ತಾನೆ" ಎಂದಳು.

ಮಗುವಿನ ಸ್ವಂತಕ್ಕೆಂದು ಕೂಡಿಡುವುದಕ್ಕೆ ವೈಜ್ಞಾನಿಕ ಆಧಾರವಿಲ್ಲ ಎಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನಿಲುವು. ಥಲಸ್ಸೇಮಿಯಾದಂಥ ರಕ್ತದ ಹುಟ್ಟು ಕಾಯಿಲೆ ಮಗುವಿಗಿದ್ದರೆ ಅದರ ಬಳ್ಳಿರಕ್ತದಲ್ಲೂ ಅದೇ ದೋಷ ಇರುತ್ತದೆಯಲ್ಲ! ಮನೆಯಲ್ಲಿ ಮೊದಲ ಮಗುವಿಗೆ ಅಂಥ ಕಾಯಿಲೆಯಿದ್ದು, ಎರಡನೆಯದು ಹೊಟ್ಟೆಯಲ್ಲಿದ್ದರೆ ಮಾತು ಬೇರೆ; ಪ್ಯಾರಿಸ್‌ನ ಆ ಹುಡುಗನಿಗಾದಂತೆ ಎರಡನೆಯದರ ಬಳ್ಳಿರಕ್ತ ಮೊದಲನೆಯದಕ್ಕೆ ನೆರವಾಗಬಹುದು. ಆಗ ಏಜೆಂಟನ ದಾರಿ ಕಾಯದೆ, ಹೆರಿಗೆಗೆ ತಿಂಗಳುಗಳ ಮೊದಲೇ ರಕ್ತರೋಗ ತಜ್ಞರನ್ನು ಕಂಡು ಅವರ ಸಲಹೆಯಂತೆ ಸಂಗ್ರಹಕ್ಕೆ ಏರ್ಪಾಡು ಮಾಡಿಸಿಕೊಳ್ಳಿ.