ರೆಸ್ಕ್ಯೂ ಸಿಗದಿದ್ದರೆ ಏನ್ಮಾಡ್ತೀರಿ?

ಬ್ರಿಟನ್, ಐರ್ಲೆಂಡ್ ಕರಾವಳಿಯ ಲೈಫ್‌ಬೋಟ್ ಸ್ವಯಂಸೇವಕರ ಮೇಲೆ ಹತ್ತು ಹನ್ನೆರಡು ನಿಮಿಷದ ಡಾಕ್ಯುಮೆಂಟರಿ ಮಾಡಬೇಕು ಅಂತ ಹೊರಟವರೆಲ್ಲ ಕೇಳುವುದು ಇದನ್ನೇ: "ನಾವು ಅಲ್ಲಿಗೆ ಹೋಗುವ ವಾರ ಒಂದೂ ರೆಸ್ಕ್ಯೂ ಸಿಗದಿದ್ದರೆ?" ಸಿಗೋದಂತೆ! ಅಂದರೆ ನಿಮ್ಮ ಶೆಡ್ಯೂಲಿಗೆ ಸರಿಯಾಗಿ ಯಾರಾದರೂ ಮುಳುಗಬೇಕು, ಆದಷ್ಟು ಬೆಳಕಿರುವಾಗ, ಕ್ಯಾಮೆರಾ ಬ್ಯಾಟರಿ ಚಾರ್ಜ್ ಆದ ಮೇಲೆ. ಪ್ರಶ್ನೆಯನ್ನು ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿಕೊಳ್ಳಿ.

ಉತ್ತರ ಇಷ್ಟೇ. ಸಿಗುವುದಿಲ್ಲ ಅಂತಲೇ ಪ್ಲಾನ್ ಮಾಡಿ. ಸಿಕ್ಕರೂ ನಿಮ್ಮನ್ನು ದೋಣಿಗೆ ಹತ್ತಿಸಿಕೊಳ್ಳುತ್ತಾರೆ ಅಂತ ಲೆಕ್ಕ ಹಾಕಬೇಡಿ. ಅವರ ಲೈಫ್‌ಬೋಟ್‌ಗಳಲ್ಲಿ ಡಿ ಕ್ಲಾಸ್ ಅನ್ನುವುದು ಐದು ಮೀಟರಿನ, ಗಾಳಿ ತುಂಬಿದ ದೋಣಿ. ಮೂವರು ಸಿಬ್ಬಂದಿ ಕೂತ ಮೇಲೆ ಉಳಿಯುವ ಜಾಗ ನೀರಿನಿಂದ ಎತ್ತಿದವರಿಗೆ ಬೇಕು. ಟಿವಿಯಲ್ಲಿ ನೀವು ನೋಡಿರುವ ನಿಜವಾದ ರಕ್ಷಣೆಯ ದೃಶ್ಯಗಳಲ್ಲಿ ಹೆಚ್ಚಿನವು ಸಿಬ್ಬಂದಿಯ ಹೆಲ್ಮೆಟ್ ಕ್ಯಾಮೆರಾದವು. ಅದು ಬೇಕಿದ್ದರೆ ಈ ಲೈಫ್‌ಬೋಟ್‌ಗಳನ್ನು ನಡೆಸುವ ಆರ್‌ಎನ್‌ಎಲ್‌ಐ (ರಾಯಲ್ ನ್ಯಾಷನಲ್ ಲೈಫ್‌ಬೋಟ್ ಇನ್‌ಸ್ಟಿಟ್ಯೂಷನ್) ಸಂಸ್ಥೆಗೆ, ಇಂಗ್ಲೆಂಡಿನ ಪೂಲ್ ಊರಿನಲ್ಲಿರುವ ಅದರ ಕೇಂದ್ರ ಕಚೇರಿಗೆ ಬರೆದು ಕೇಳಿ, ಮೊದಲೇ ಕೇಳಿ. ಎಡಿಟ್ ಮುಗಿಯುವ ಹೊತ್ತಿಗೆ ಅಲ್ಲ. ದೃಶ್ಯದಲ್ಲಿರುವವರ ಒಪ್ಪಿಗೆಯೂ ಬೇಕು. ಚಳಿಗೆ ನಡುಗುತ್ತಾ, ಉಪ್ಪುನೀರು ಕಾರಿಕೊಳ್ಳುತ್ತಾ ಇರುವ ಮನುಷ್ಯನ ಮುಖಕ್ಕೆ ಸಹಿ ಹಾಕುವ ಫಾರ್ಮ್ ಹಿಡಿಯುವುದು ಒಪ್ಪಿಗೆ ಅಲ್ಲ, ಗೊತ್ತಿರಲಿ.

"ದಿನಾ ಕರೆ ಬರುವ ಲೈಫ್‌ಬೋಟ್ ಸ್ಟೇಷನ್ ಇದ್ದರೆ ಹೇಳಿ" ಅನ್ನುವ ಜಾಣರೂ ಇದ್ದಾರೆ. ಇದೆ. ಲಂಡನ್ನಿನಲ್ಲಿ ವಾಟರ್‌ಲೂ ಸೇತುವೆ ಪಕ್ಕದ ಟವರ್ ಸ್ಟೇಷನ್, ಇಡೀ ಸಂಸ್ಥೆಯಲ್ಲೇ ಅತಿ ಹೆಚ್ಚು ಕೆಲಸ ಇರುವ ಜಾಗ. ಆದರೆ ಅಲ್ಲಿ ಸಂಬಳದ ಪೂರ್ಣಾವಧಿ ಸಿಬ್ಬಂದಿ ಇದ್ದಾರೆ, ಸ್ವಯಂಸೇವಕರು ಅವರ ಜೊತೆ ಪಾಳಿ ಮಾಡುತ್ತಾರೆ. ಕರೆ ತಿಳಿಸುವ ಪೇಜರ್ ಕೂಗಿದಾಗ ಮೀನಂಗಡಿ ಬಿಟ್ಟು ಓಡಿ ಬರುವವರ ಚಿತ್ರ ಮಾಡಬೇಕು ಅಂತ ಹೋಗಿ, ಪಾಳಿಯಲ್ಲಿ ಕೂತವರನ್ನು ಚಿತ್ರೀಕರಿಸಿಕೊಂಡು ಬಂದರೆ ಅದು ಬೇರೆಯೇ ಚಿತ್ರ.

ಇನ್ನೊಂದು ವಿಷಯ. ನಮ್ಮ ಕಡೆಯ ನೋಡುಗರಿಗೆ ಸಮುದ್ರದ ರಕ್ಷಣೆ ಅಂದರೆ ಕೋಸ್ಟ್ ಗಾರ್ಡ್, ಅಂದರೆ ಸರ್ಕಾರ. ಇಲ್ಲಿ ಹಾಗಲ್ಲ. 1824ರಲ್ಲಿ ಶುರುವಾದ ಆರ್‌ಎನ್‌ಎಲ್‌ಐ ದತ್ತಿ ಸಂಸ್ಥೆ, ದೇಣಿಗೆ ಮತ್ತು ಉಯಿಲುಗಳಲ್ಲಿ ಬಿಟ್ಟುಹೋದ ಹಣದಿಂದ ನಡೆಯುತ್ತದೆ. ಕೋಸ್ಟ್‌ಗಾರ್ಡ್‌ನವರು ಲೈಫ್‌ಬೋಟ್ ಬೇಕು ಅಂತ ಕೇಳುತ್ತಾರೆ, ಸ್ಟೇಷನ್ನಿನ ಜವಾಬ್ದಾರಿ ಹೊತ್ತವರು ಒಪ್ಪುತ್ತಾರೆ, ಆಮೇಲೆ ಪೇಜರ್ ಕೂಗುತ್ತದೆ. ಇದನ್ನು ಮೊದಲ ನಿಮಿಷದಲ್ಲೇ ಹೇಳದಿದ್ದರೆ ಉಳಿದದ್ದೆಲ್ಲ ಸರ್ಕಾರಿ ಸಾಹಸದ ಹಾಗೆ ಕಾಣುತ್ತದೆ.

ಹಾಗಾದರೆ ಏನು ಚಿತ್ರೀಕರಿಸುವುದು? ತಾಲೀಮು. ಬಹುತೇಕ ಸ್ಟೇಷನ್‌ಗಳಲ್ಲಿ ವಾರಕ್ಕೊಂದು ಸಂಜೆ ದೋಣಿ ಇಳಿಸಿ ಅಭ್ಯಾಸ ಮಾಡುತ್ತಾರೆ. ಇಲ್ಲೇ ಹೊಸಬರು ಎಡವುವುದು. ಈ ವಾರ ಒಂದಿಷ್ಟು, ಮುಂದಿನ ವಾರ ಅದೇ ಹೊತ್ತಿಗೆ ಉಳಿದದ್ದು ಅಂತ ಪ್ಲಾನ್ ಮಾಡುತ್ತಾರೆ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಏಳು ದಿನಕ್ಕೆ ಹತ್ತಿರಹತ್ತಿರ ಆರು ಗಂಟೆ. ಕಳೆದ ವಾರ ನೀರು ಗೋಡೆಗೆ ಬಡಿಯುತ್ತಿದ್ದ ಜಾಗದಲ್ಲಿ ಈ ವಾರ ಮರಳು ಬಿದ್ದುಕೊಂಡಿರುತ್ತದೆ. ಎರಡು ಶಾಟ್ ಸೇರಿಸಿದರೆ ಸಮುದ್ರವೇ ಎದ್ದು ಹೋದ ಹಾಗೆ. ಹದಿನಾಲ್ಕು ದಿನ ಬಿಟ್ಟು ಹೋಗಿ, ನೀರಿನ ಮಟ್ಟ ಹೆಚ್ಚುಕಡಿಮೆ ಹೊಂದುತ್ತದೆ. ಟೈಡ್ ಟೇಬಲ್ ನೋಡದೆ ಟಿಕೆಟ್ ಬುಕ್ ಮಾಡಬೇಡಿ.

ಬೋಟ್‌ಹೌಸ್ ಒಳಗೆ ನೆಲದ ಮೇಲೆ ಟ್ರೈಪಾಡ್ ಇಡಬೇಡಿ. ಬಟ್ಟೆ ಬದಲಿಸುವ ಕೋಣೆಯಿಂದ ದೋಣಿಯವರೆಗಿನ ದಾರಿ ಓಡುವವರದು. ಗೋಡೆಗೆ, ತಲೆಗಿಂತ ಎತ್ತರದಲ್ಲಿ, ಕ್ಲ್ಯಾಂಪ್ ಹಾಕಿ ವೈಡ್ ಲೆನ್ಸಿನ ಕ್ಯಾಮೆರಾ ಕೂರಿಸಿ, ಮೇನ್ಸ್ ಕರೆಂಟು ಕೊಡಿ. ಸೆಕೆಂಡಿಗೆ 25 ಫ್ರೇಮ್, ಶಟರ್ 1/50. ಇಲ್ಲದಿದ್ದರೆ ಟ್ಯೂಬ್‌ಲೈಟ್ ಮಿನುಗುತ್ತದೆ. ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ ರೆಕಾರ್ಡ್ ಮಾಡಿದರೆ ಗಂಟೆಗೆ 45 ಜಿಬಿ ಹೋಗುತ್ತದೆ, ಹಾರ್ಡ್‌ಡಿಸ್ಕ್ ಆ ಲೆಕ್ಕಕ್ಕೆ ತನ್ನಿ. ಹೊರಗಿನ ಚಳಿಯಿಂದ ಬೆಚ್ಚಗಿನ ಕೋಣೆಗೆ ಬಂದರೆ ಲೆನ್ಸ್ ಮಂಜಾಗುತ್ತದೆ; ಬಾಗಿಲು ದಾಟುವ ಮೊದಲೇ ಕ್ಯಾಮೆರಾವನ್ನು ಬ್ಯಾಗಿಗೆ ಹಾಕಿ ಜಿಪ್ ಎಳೆದು, ಅದು ಬೆಚ್ಚಗಾದ ಮೇಲೆ ತೆಗೆಯಿರಿ. ಲೈಫ್‌ಜಾಕೆಟ್ಟಿಗೆ ಮೈಕು, ಕ್ಲಿಪ್ಪು, ಟೇಪು ಯಾವುದನ್ನೂ ಅಂಟಿಸಬೇಡಿ. ಉಬ್ಬಬೇಕಾದಾಗ ಉಬ್ಬದಿದ್ದರೆ ನಿಮ್ಮ ಆಡಿಯೋ ಯಾರಿಗೆ ಬೇಕು? ವಿಎಚ್‌ಎಫ್ ರೇಡಿಯೋದಲ್ಲಿ ಕೇಳಿದ ಮಾತನ್ನು ಹಾಗೇ ಚಿತ್ರಕ್ಕೆ ಹಾಕುವುದೂ ಬೇಡ. ನಿಮಗಲ್ಲದ ರೇಡಿಯೋ ಸಂದೇಶವನ್ನು ಬಹಿರಂಗ ಮಾಡುವುದು ಬ್ರಿಟನ್ನಿನ 2006ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯಡಿ ಅಪರಾಧ.

ಅಲೆ ದೊಡ್ಡದಾಗಿ ಕಾಣುವುದೇ ಇಲ್ಲ ಅನ್ನುವ ಗೋಳು ಬೇರೆ. ಕ್ಯಾಮೆರಾ ದೋಣಿಗೆ ಬಿಗಿದು, ದಿಗಂತ ಚೌಕಟ್ಟಿನ ಹೊರಗಿದ್ದರೆ, ದೋಣಿಯೂ ಕ್ಯಾಮೆರಾವೂ ಒಟ್ಟಿಗೆ ಅಲುಗುತ್ತವೆ. ನೋಡುವವರಿಗೆ ಕೆರೆಯಲ್ಲಿ ವಿಹಾರ. ದಿಗಂತದ ಗೆರೆ ಫ್ರೇಮಿನಲ್ಲಿರಲಿ. ದಡದಿಂದಾದರೆ ಕೆಳಮಟ್ಟದಲ್ಲಿ ನಿಂತು ಉದ್ದ ಲೆನ್ಸ್ ಹಾಕಿ.

ಈಗ, ಯಾರೂ ಕೇಳದ ಪ್ರಶ್ನೆ: ದೋಣಿ ವಾಪಸ್ ಬಂದ ಮೇಲೆ ಏನಾಗುತ್ತದೆ? ಚಿತ್ರ ಇರುವುದೇ ಅಲ್ಲಿ. ಶಾನನ್ ಅನ್ನುವ ದೋಣಿ 13.6 ಮೀಟರ್ ಉದ್ದ, 18 ಟನ್ ತೂಕ. ಪ್ರೊಪೆಲ್ಲರ್ ಇಲ್ಲ, ವಾಟರ್‌ಜೆಟ್. ಹಾಗಾಗಿ ನೇರ ಮರಳಿನ ಮೇಲೆ ಓಡಿಸಿ ನಿಲ್ಲಿಸುತ್ತಾರೆ. ಟ್ರ್ಯಾಕ್ಟರ್ ಬಂದು ಅದನ್ನು ಗಾಡಿಯ ಮೇಲೆ ಎಳೆದುಕೊಳ್ಳುತ್ತದೆ. ಗಾಡಿಯ ತಿರುಗುಮಣೆ ದೋಣಿಯನ್ನು ಅರ್ಧ ಸುತ್ತು ತಿರುಗಿಸುತ್ತದೆ, ಮೂತಿ ಮತ್ತೆ ಸಮುದ್ರದ ಕಡೆಗೆ. ಆಮೇಲೆ ಸಿಹಿನೀರಿನ ಪೈಪು. ದೋಣಿಗೆ, ಟ್ರ್ಯಾಕ್ಟರಿನ ಪಟ್ಟಿಗಳಿಗೆ, ಬೂಟಿಗೆ, ಎಲ್ಲದಕ್ಕೂ, ಉಪ್ಪು ಹೋಗುವ ತನಕ. ಡೀಸೆಲ್ ತುಂಬಿಸಬೇಕು, ಪ್ರಥಮ ಚಿಕಿತ್ಸೆ ಚೀಲದಲ್ಲಿ ಖರ್ಚಾದದ್ದನ್ನು ಭರ್ತಿ ಮಾಡಬೇಕು, ವರದಿ ಬರೆಯಬೇಕು. ಕೊನೆಗೆ ಕೋಸ್ಟ್‌ಗಾರ್ಡ್‌ಗೆ ದೋಣಿ ಸಿದ್ಧ ಅಂತ ತಿಳಿಸುವವರೆಗೆ ಯಾರೂ ಮನೆಗೆ ಹೋಗುವ ಹಾಗಿಲ್ಲ.

ಈ ಕೆಲಸ ಮಾಡುವವರಲ್ಲಿ ಕೆಲವರು ನೀರಿಗೇ ಇಳಿದಿರುವುದಿಲ್ಲ. ಶಾನನ್‌ಗೆ ಆರು ಜನ ಸಿಬ್ಬಂದಿ. ಪೇಜರ್ ಕೇಳಿ ಓಡಿ ಬಂದವರು ಅದಕ್ಕಿಂತ ಹೆಚ್ಚಿದ್ದರೆ ಯಾರು ಹೋಗಬೇಕು ಅಂತ ಕಾಕ್ಸ್‌ವೇನ್, ಅಂದರೆ ದೋಣಿಯ ನಾಯಕ, ಆರಿಸುತ್ತಾರೆ. ಅರ್ಧ ಡ್ರೆಸ್ ಹಾಕಿಕೊಂಡವರು ಅದನ್ನು ಕಳಚಿ ಕೊಕ್ಕೆಗೆ ನೇತುಹಾಕಿ ದಡದ ಕೆಲಸಕ್ಕೆ ನಿಲ್ಲುತ್ತಾರೆ. ಗೋಡೆಯ ಕ್ಯಾಮೆರಾ ಬೇಕಾಗಿರುವುದು ಆ ಕಳಚುವ ಕೈಗಳಿಗೆ. ಸಂದರ್ಶನವನ್ನೂ ಅವರಿಂದಲೇ ಶುರುಮಾಡಿ. "ಜೀವದ ಹಂಗು ತೊರೆದು" ಅಂತ ಪ್ರಶ್ನೆ ಶುರುಮಾಡಿದರೆ ಯಾರಿಂದಲೂ ಒಂದು ವಾಕ್ಯದ ಮೇಲೆ ಹೊರಡುವುದಿಲ್ಲ. ಕೆಲಸ ಕೊಟ್ಟ ಮಾಲೀಕರು ಮಧ್ಯಾಹ್ನ ಹೇಗೆ ಬಿಟ್ಟು ಕಳಿಸುತ್ತಾರೆ ಅಂತ ಕೇಳಿ, ಮಾತು ತಾನಾಗಿ ಬರುತ್ತದೆ. ಕಾರ್ನ್‌ವಾಲ್‌ನ ಮೌಸಲ್ ಊರಿಗೆ ಹೋದರಂತೂ ಜೋಪಾನ: 1981ರ ಡಿಸೆಂಬರ್ 19ರ ರಾತ್ರಿ ಅಲ್ಲಿನ ಪೆನ್‌ಲೀ ಲೈಫ್‌ಬೋಟಿನ ಎಂಟೂ ಸ್ವಯಂಸೇವಕರು ಸತ್ತರು. ಆ ರಾತ್ರಿಯ ಮಾತನ್ನು ಊರಿನವರು ತಾವಾಗಿ ಎತ್ತುವವರೆಗೆ ನೀವು ಎತ್ತಬೇಡಿ.

ಮುಂದಿನ ಪ್ರಶ್ನೆ ಡ್ರೋನ್ ಅಲ್ಲವೇ? ತಾಲೀಮಿಗೆ, ಸ್ಟೇಷನ್ನಿಗೆ ತಿಳಿಸಿ, 120 ಮೀಟರ್ ಒಳಗೆ ಹಾರಿಸಿ. ನಿಜವಾದ ಕರೆ ಬಂದರೆ ತಕ್ಷಣ ಇಳಿಸಿ ಪೆಟ್ಟಿಗೆಗೆ ಹಾಕಿ. ಹೆಲಿಕಾಪ್ಟರ್ ಯಾವ ಕಡೆಯಿಂದ ಬರುತ್ತದೆ ಅಂತ ನಿಮಗೆ ಮೊದಲೇ ಹೇಳಿ ಬರುವುದಿಲ್ಲ.